ಎರಡು ಹೆಸರಿನ ಬಾಟಲಿ

ಬಸವಕಲ್ಯಾಣ
17 ಸೆಪ್ಟೆಂಬರ್ 2006, ಭಾನುವಾರ

ಪ್ರೀತಿಯ ತಮ್ಮ ಗುರುಶಾಂತ,

ಹೇಗಿದ್ದೀಯ? ಯುಗಾದಿಗೆ ಬಂದ ನಿನ್ನ ಕಾರ್ಡಿನಲ್ಲಿ ಲೇತ್ ಯಂತ್ರ ತಾಗಿ ಎಡಗೈ ಹೆಬ್ಬೆರಳಿಗೆ ಗಾಯವಾಗಿದೆ ಎಂದು ಒಂದೇ ಸಾಲು ಬರೆದಿದ್ದೆ. ಅದು ಮಾಯಿತೋ ಇಲ್ಲವೋ ಎಂಬುದಕ್ಕೆ ಮುಂದಿನ ಯುಗಾದಿಯವರೆಗೆ ಕಾಯಿಸಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ವೈನಿ ಭಾಗಮ್ಮನಿಗೆ ಮೊಣಕಾಲು ನೋವು, ಗಂಡನನ್ನು ಬೈಯುವ ಶಕ್ತಿ ಮಾತ್ರ ಕಡಿಮೆಯಾಗಿಲ್ಲ. ಮಗಳು ಐಶ್ವರ್ಯ ಈ ವರ್ಷ ಹತ್ತನೇ ತರಗತಿ. ನನ್ನ ಪತ್ರಿಕೆ ಏಜೆನ್ಸಿ ನಡೆದಿದೆ. ಬೆಳಿಗ್ಗೆ ವಿಮೋಚನಾ ದಿನದ ಧ್ವಜಾರೋಹಣಕ್ಕೆ ಹೋಗಿ, ಎರಡು ಪ್ಯಾರಾ ವರದಿ ಫ್ಯಾಕ್ಸ್ ಮಾಡಿ ಬಂದು ಇದನ್ನು ಬರೆಯಲು ಕುಳಿತಿದ್ದೇನೆ.

ಮೊನ್ನೆ ಗುರುವಾರ ಸಿದ್ದಪ್ಪ ಫೋನ್ ಮಾಡಿ ಹುಮನಾಬಾದ್‌ಗೆ ಕರೆಸಿಕೊಂಡಿದ್ದ. ನೆನಪಿದೆಯಲ್ಲ, ಹೆದ್ದಾರಿಯ ಹಿಂದಿನ ಓಣಿಯಲ್ಲಿ ನಾಲ್ಕು ಟೇಬಲ್ಲಿನ ಸಣ್ಣ ಬಾರು ನಡೆಸುವವನು. ದೀಪಾವಳಿ ಪಾಡ್ಯಕ್ಕೆ ಅದನ್ನು ಮುಚ್ಚುತ್ತಾನಂತೆ. ಕಟ್ಟಡದ ಮಾಲೀಕರಿಗೆ ಅಲ್ಲಿ ಮೊಬೈಲ್ ಅಂಗಡಿ ಬೇಕಾಗಿದೆ, ಸಿದ್ದಪ್ಪನಿಗೂ ವಯಸ್ಸಾಗಿದೆ. ಹಸಿರು ಗೋಡೆ, ಕುಂಟುವ ಬೆಂಚು, ತಗಡಿನ ಬಾಗಿಲು ಎಲ್ಲವೂ ಇದ್ದ ಹಾಗೇ ಇವೆ. ಹೋದವನಿಗೆ ಮೊದಲು ನೆನಪಾದದ್ದು 1997ರ ಡಿಸೆಂಬರಿನ ಆ ಮಧ್ಯಾಹ್ನ.

ಪುಣೆಯ ಕಂಪನಿಯಿಂದ ತರಬೇತಿಗೆಂದು ಒಸಾಕಾಕ್ಕೆ ಹೋಗಿ ಅಲ್ಲೇ ಉಳಿದ ನೀನು, ಎರಡು ವರ್ಷದ ಮೇಲೆ ಮೊದಲ ರಜೆಗೆ ಬಂದಿದ್ದೆ. ಅಪ್ಪನಿಗೆ ಉಣ್ಣೆಯ ಶಾಲು, ವೈನಿಗೆ ಗಡಿಯಾರ, ನನಗೆ ಅಂಗಿಗಳ ನಡುವೆ ಸುತ್ತಿಟ್ಟ ಜಪಾನಿನ ವಿಸ್ಕಿ. ಕೊರಳಲ್ಲಿ ಲಿಂಗ ಕಟ್ಟಿದ ನಮ್ಮ ಮನೆಯಲ್ಲಿ ದಾರು ಎಂಬ ಶಬ್ದವೂ ಬಾಯಿಗೆ ಬರುವಂತಿಲ್ಲ. ಊರಲ್ಲಿ ಕುಡಿಯೋಣವೆಂದರೆ ಮುಂಜಾನೆ ಮನೆಮನೆಗೆ ಪೇಪರ್ ಹಾಕಿಸುವವನ ಮುಖ ಯಾರಿಗೆ ಗೊತ್ತಿಲ್ಲ? ಬಸವಕಲ್ಯಾಣದ ಮರ್ಯಾದಸ್ಥರು ಕುಡಿಯಲು ಹುಮನಾಬಾದ್‌ಗೆ ಹೋಗುತ್ತಾರೆ, ಹುಮನಾಬಾದಿನ ಮರ್ಯಾದಸ್ಥರು ಇಲ್ಲಿಗೆ ಬರುತ್ತಾರೆ. ಎರಡೂ ಬಸ್ಸುಗಳು ರಾಜೇಶ್ವರದ ಹತ್ತಿರ ಎದುರಾಗುತ್ತವೆ. ನಾವೂ ಹಾಗೆಯೇ ಹೋದೆವು. ನೀನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಮಗುವಿನಂತೆ ಅಪ್ಪಿಕೊಳ್ಳುತ್ತಿದ್ದೆ.

ಸಿದ್ದಪ್ಪನಲ್ಲಿ ಐಸ್ ಇರಲಿಲ್ಲ. ನೀನು ಅಜೀಮುದ್ದೀನ್ ಸಾಹೇಬರ ಐಸ್ ಕಾರ್ಖಾನೆಗೆ ಹೋಗಿ ಟವೆಲಿನಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ಬಂದೆ. ಗ್ಲಾಸಿನ ತುಂಬ ಐಸ್, ಸ್ವಲ್ಪ ವಿಸ್ಕಿ, ಅದರ ಎರಡೂವರೆ ಪಟ್ಟು ನೀರು. ಚಮಚೆಯಿಂದ ಸದ್ದಾಗದಂತೆ ಹದಿಮೂರು ಸುತ್ತು ತಿರುವಿದೆ. ಸಿದ್ದಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. “ಏನ್ರಿ ತಮ್ಮಾವ್ರ, ದಾರು ತಿರುವಾಕತ್ತೀರೋ, ಅಂಬಲಿ ತಿರುವಾಕತ್ತೀರೋ?” ಎಂದಾಗ ನಗು ಬಂದು ನೀನು ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದೆ. ಮೊದಲ ಗುಟುಕಿಗೆ ನನಗೆ ಅಜ್ಜಿಯ ಸಂದೂಕಿನ ಮುಚ್ಚಳ ತೆಗೆದಾಗಿನ ವಾಸನೆ ಬಂತು, ಹಿಂದೆಯೇ ಸಣ್ಣಗೆ ಹೊಗೆ. ಅಷ್ಟು ಸಾವಕಾಶವಾಗಿ ಕುಡಿಯಬಹುದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಗ್ಲಾಸು ಮೇಜಿಗೆ ಬಂದ ಕೂಡಲೇ ಯಾರೋ ನೋಡಿಬಿಡುತ್ತಾರೆಂದು ಮುಗಿಸುವುದೇ ರೂಢಿ.

ಶೇಂಗಾ ತಿನ್ನುತ್ತ ನೀನು ನಿನ್ನ ಓಣಿಯ ಬಾರಿನ ಕತೆ ಹೇಳಿದೆ. ಎಂಟೇ ಕುರ್ಚಿ. ಗಿರಾಕಿ ಕೊಂಡ ಬಾಟಲಿ ಅಲ್ಲಿಯೇ ಕಪಾಟಿನಲ್ಲಿ ಉಳಿಯುತ್ತದೆ, ಕೊರಳಿಗೆ ಅವನ ಹೆಸರಿನ ಚೀಟಿ. ಮೂರು ವರ್ಷದಿಂದ ಬಾರದ ಮುದುಕನೊಬ್ಬನ ಬಾಟಲಿಯನ್ನೂ ಯಾರೂ ಮುಟ್ಟಿಲ್ಲ. ಮಾಲಕಿಯ ಮಗಳು ವಾರಕ್ಕೊಮ್ಮೆ ಅದನ್ನು ಒರೆಸಿಡುತ್ತಾಳೆ. ಅವಳ ಮಾತು ಆ ಮಧ್ಯಾಹ್ನ ಎಷ್ಟು ಸಲ ಬಂತೆಂದು ನಾನು ಆಗ ಗಮನಿಸಲಿಲ್ಲ. ಏಳುವಾಗ ನೀನು ಲೇಬಲ್ಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ‘ಗುರುಶಾಂತ, ವೈಜನಾಥ’ ಎಂದು ಚೀಟಿ ಬರೆದು ಕಟ್ಟಿ, “ಮುಂದಿನ ಸಲ ಬಂದಾಗ ಇಬ್ರೂ ಕುಡೀತೀವ್ರಿ, ಇಟ್ಕೋರಿ” ಎಂದು ಸಿದ್ದಪ್ಪನಿಗೆ ಕೊಟ್ಟೆ.

ಮುಂದಿನ ಸಲ ಬರಲೇ ಇಲ್ಲ. 1999ರಲ್ಲಿ ನೀನು ಆ ಬಾರಿನ ಹುಡುಗಿಯನ್ನು ಮದುವೆಯಾಗುತ್ತೇನೆಂದು ಬರೆದೆ. ಹಾಗೇನಾದರೂ ಮಾಡಿದರೆ ಅಪ್ಪ ನಿನ್ನ ಮುಖ ನೋಡುವುದಿಲ್ಲವೆಂದು ಇಲ್ಲಿಂದ ಉತ್ತರ ಹೋಯಿತು. ಆಮೇಲೆ ವರ್ಷಕ್ಕೊಂದು ಕಾರ್ಡು. 2003ರಲ್ಲಿ ಅಪ್ಪ ತೀರಿಕೊಂಡ ದಿನ ಫೋನಿನಲ್ಲಿ ನೀನು, “ಮಾರಿ ನೋಡಲ್ಲ ಅಂದವ್ರ ಮಾರಿ ನಾ ಈಗ ಬಂದು ಹ್ಯಾಂಗ ನೋಡ್ಲಿ, ಅಣ್ಣಾ?” ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅದಾದ ಒಂದು ತಿಂಗಳಿಗೆ ಒಬ್ಬನೇ ಹುಮನಾಬಾದ್‌ಗೆ ಹೋಗಿ ಬಾಟಲಿ ಕೇಳಿದೆ. ಒಂದು ಗುಟುಕು ಕುಡಿದರೆ ನಿನ್ನ ಜೊತೆ ಕುಳಿತ ಹಾಗಾಗುತ್ತದೆ ಎನಿಸಿತ್ತು. ಸಿದ್ದಪ್ಪ ಕೊಡಲಿಲ್ಲ. “ಚೀಟಿ ಮ್ಯಾಲ ಎರಡು ಹೆಸರು ಅದಾವ್ರಿ. ಒಬ್ರಿಗೆ ಹ್ಯಾಂಗ ಕೊಡ್ಲಿ?” ನಾನು ದೊಡ್ಡವನು ಎಂದೆ. “ದೊಡ್ಡವ್ರಾದ್ರ ಸಣ್ಣವ್ರನ್ನ ಕರ್ಕೊಂಡು ಬರ್ರಿ.” ನಿಮ್ಮ ಜಪಾನಿನಲ್ಲಿ ಇಷ್ಟು ಕಟ್ಟುನಿಟ್ಟು ಇರಲಾರದು. ನೀನು ಹೇಳಿದ ಪದ್ಧತಿಯನ್ನು ಅವನು ತನಗೆ ತಿಳಿದಂತೆ ಕಾಯಿದೆ ಮಾಡಿಕೊಂಡಿದ್ದಾನೆ.

ಗುರುವಾರವೂ ಕೈಗೆ ಕೊಡಲಿಲ್ಲ, ಒರೆಸಿ ತೋರಿಸಿದ, ಅಷ್ಟೇ. ವಿಸ್ಕಿ ನಿನ್ನ ಗೆರೆಗಿಂತ ಒಂದು ನೂಲಿನಷ್ಟು ಕೆಳಗಿದೆ. ಒಂಬತ್ತು ವರ್ಷದಲ್ಲಿ ಅಷ್ಟು ಆರಿರಬಹುದು, ಸಿದ್ದಪ್ಪನ ಮೇಲೆ ನನಗೆ ಅನುಮಾನವಿಲ್ಲ. “ಪಾಡ್ಯಾ ತನಕ ಕಾಯ್ತೀನ್ರಿ. ಆಮ್ಯಾಗ ಮನಿಗೆ ಒಯ್ಯಬೇಕು ಅಂದ್ರ ನಮ್ಮಾಕಿ ಹೊಸ್ತಿಲಾ ದಾಟಗೊಡಾಕಿ ಅಲ್ಲ” ಎಂದ. ಪಾಡ್ಯಕ್ಕೆ ಇನ್ನು ಐದು ವಾರವಿದೆ. ಈ ಪತ್ರ ತಲುಪಲು ಹತ್ತು ದಿನ ಹಿಡಿದರೂ ಸಮಯ ಉಳಿಯುತ್ತದೆ. ರಜೆ ಕೇಳು. ಐಸ್ ನಾನು ತರುತ್ತೇನೆ.

ವೈನಿ ನಿನಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದಾಳೆ. ಐಶ್ವರ್ಯ ಕಾಕಾನಿಗೆ ನಮಸ್ಕಾರ ತಿಳಿಸಿದ್ದಾಳೆ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ವೈಜನಾಥ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. 1999ರ ನಿನ್ನ ಪತ್ರವನ್ನು ಅಪ್ಪ ನೋಡಲೇ ಇಲ್ಲ. ಊರ ಜನ ಏನೆಂದಾರು ಎಂದು ಹೆದರಿ ನಾನೇ ಓದಿ, ನಾನೇ ಹರಿದು, ಅಪ್ಪನ ಹೆಸರಿನಲ್ಲಿ ನಾನೇ ಉತ್ತರ ಬರೆದೆ. “ಸಣ್ಣವ ಯಾಕ ಬರವಲ್ಲ?” ಎಂದು ಅಪ್ಪ ಕೊನೆಯ ವಾರದವರೆಗೂ ಕೇಳುತ್ತಿದ್ದರು. ರಜೆ ಸಿಕ್ಕಿಲ್ಲವೆಂದು ಹೇಳುತ್ತಿದ್ದೆ. ಬೈಯುವುದಿದ್ದರೆ ಬಂದು ಬೈ. ಆಕೆ ಈಗಲೂ ನಿನ್ನ ಜೊತೆ ಇದ್ದರೆ ಕರೆದುಕೊಂಡು ಬಾ. ಚೀಟಿಯಲ್ಲಿ ನಮ್ಮ ಹೆಸರುಗಳ ಕೆಳಗೆ ಜಾಗವಿದೆ. ಪತ್ರ ಹರಿದುಹಾಕಿದ್ದರಿಂದ ಆಕೆಯ ಹೆಸರು ನನಗೆ ನೆನಪಿಲ್ಲ. ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ತಿಳಿಸು.