ಚಿಕ್ಕ ಗಡಿಯಾರದ ಕೆಳಗೆ ಒಂದು ‘ಕಣೇ’

ಜನವರಿ 19, ಸೋಮವಾರ

ಬ್ಯಾಟರಿ ಚಾರ್ಜಿಗೆ ಹಾಕಿದೆ. ಮೊನ್ನೆಯ ನಾಮಕರಣದ ಫೋಟೋಗಳ ಎಡಿಟಿಂಗ್ ಇನ್ನೂ ಮುಗಿದಿಲ್ಲ. ಮಗು ಒಂದರಲ್ಲೂ ಕಣ್ಣು ಬಿಟ್ಟಿಲ್ಲ, ಅಜ್ಜಿ ಒಂದರಲ್ಲೂ ಬಾಯಿ ಮುಚ್ಚಿಲ್ಲ. ಅಷ್ಟರಲ್ಲಿ ಸಿದ್ದರಾಜು ಸರ್, “ಮಧ್ಯಾಹ್ನ ಒಂದು ಜೋಡಿ ಬರ್ತದೆ, ಪ್ರೀ-ವೆಡ್ಡಿಂಗು. ನೀನೇ ಮಾತಾಡು ಕಣಮ್ಮ” ಅಂದು ಊಟಕ್ಕೆ ಹೋದರು. ಸ್ಟುಡಿಯೋ ಅವರದು, ದುಡಿಮೆ ನನ್ನದು.

ಬಂತು ಜೋಡಿ. ಹುಡುಗಿ ಲಾಸ್ಯ. ತೆಳ್ಳಗೆ, ಚುರುಕು, ನಕ್ಕರೆ ಕೆನ್ನೆಯಲ್ಲಿ ಗುಳಿ. ಅವಳ ಹಿಂದೆ ಚಪ್ಪಲಿ ಬಿಡುತ್ತ ಬಗ್ಗಿದ್ದವನು ತಲೆ ಎತ್ತಿದ.

ಶಿವಕಿರಣ್.

ಮೂರು ವರ್ಷ ನನ್ನ ಜೊತೆ ಊರೆಲ್ಲ ಸುತ್ತಿ, ಹೋದ ವರ್ಷ ಕೈಬಿಟ್ಟವನು. ಅವರು ಲಿಂಗಾಯತರು, ನಾವು ಇಲವಾಲದ ಒಕ್ಕಲಿಗರು. ಅವನ ತಾಯಿ ಪ್ರೇಮಲೀಲಾ ನನ್ನ ಹೆಸರನ್ನೂ ಕೇಳಲಿಲ್ಲ. “ಕೋಳಿ ಬೇಯಿಸೋ ಮನೆ ಹುಡುಗಿ ಬೇಡ” ಅಂದರಂತೆ, ಅಷ್ಟೇ. ಮಗ ತಲೆಯಾಡಿಸಿ ಬಂದ.

ಇವತ್ತು ನನ್ನನ್ನು ನೋಡಿ ಅವನ ಮುಖ ಬಿಳಿಚಿತು. ಆಮೇಲೆ ಕೈ ಮುಗಿದ. “ನಮಸ್ಕಾರ ಮೇಡಂ.”

ಮೇಡಂ! ನನಗೆ ಜ್ವರ ಬಂದಾಗ “ಮಾತ್ರೆ ತಗೊಂಡ್ಯೇನೇ, ಬಿಸ್ನೀರು ಕುಡಿ ಕಣೇ” ಅಂತ ಗಂಟೆಗೊಂದು ಸಲ ಫೋನ್ ಮಾಡುತ್ತಿದ್ದ ಬಾಯಿ ಅದು.

ಲಾಸ್ಯಳಿಗೆ ಏನೂ ಗೊತ್ತಿಲ್ಲ. ಇನ್‌ಸ್ಟಾಗ್ರಾಂನಲ್ಲಿ ನಮ್ಮ ಫೋಟೋ ನೋಡಿ ಅವಳೇ ಹುಡುಕಿಕೊಂಡು ಬಂದದ್ದು. “ಕೆಆರ್‌ಎಸ್ಸು, ಕಾರಂಜಿ ಕೆರೆ ಎಲ್ಲಾ ಬೇಡ ಅಕ್ಕ, ಎಲ್ರೂ ಅಲ್ಲೇ ತೆಗೆಸ್ತಾರೆ. ನಮಗೆ ಪೇಟೆ ಒಳಗೇ ಬೇಕು. ಜಾಗ ನೀವೇ ಹೇಳಿ” ಅಂದಳು.

ಹೇಳ್ತೀನಿ ಅಂದೆ.

ಜನವರಿ 21, ಬುಧವಾರ

ಲೊಕೇಶನ್ ನೋಡಲು ಒಬ್ಬಳೇ ಹೋಗಿದ್ದೆ. ನೋಡುವುದೇನಿತ್ತು... ಕಣ್ಣು ಕಟ್ಟಿ ಬಿಟ್ಟರೂ ಹೋಗಿಬರುವ ಜಾಗಗಳು.

ಮೊದಲು ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು. ಅಲ್ಲಿ ಅವನು ನನಗೆ ಕನಕಾಂಬರ ಕೊಡಿಸುತ್ತಿದ್ದ. ಸೇವಂತಿಗೆ ಮಾತ್ರ ಅವನು ಮುಟ್ಟುವುದಿಲ್ಲ, ಮುಟ್ಟಿದರೆ ಸೀನು ನಿಲ್ಲದು. ಆಮೇಲೆ ಸಿಟಿ ಬಸ್ ಸ್ಟ್ಯಾಂಡಿನ ಎದುರಿನ ಕಮಾನು. ಇಲವಾಲದ ಬಸ್ಸು ಹೊರಡುವವರೆಗೆ ಅಲ್ಲಿ ನಿಂತಿರುತ್ತಿದ್ದ. ಟೌನ್ ಹಾಲ್ ಮೆಟ್ಟಿಲು. “ನಮ್ಮಮ್ಮ ಒಪ್ಪಲ್ಲ ಕಣೇ, ನಾನೇನ್ ಮಾಡ್ಲಿ” ಅಂದದ್ದು ಅಲ್ಲಿ. ಕೊನೆಗೆ ಚಿಕ್ಕ ಗಡಿಯಾರ. ಪ್ರತಿ ಸಲ ಸಿಗುತ್ತಿದ್ದದ್ದು ಆ ಗೋಪುರದ ಬುಡದಲ್ಲೇ.

ಬೆಳಕು ನಾಲ್ಕು ಕಡೆಯೂ ಚೆನ್ನಾಗಿದೆ. ಇದು ಸುಳ್ಳಲ್ಲ. ಯಾವ ಫೋಟೋಗ್ರಾಫರ್ ಬೇಕಾದರೂ ಇವನ್ನೇ ಹೇಳುತ್ತಿದ್ದ.

ಮಧ್ಯಾಹ್ನ ಲಿಸ್ಟ್ ಕಳಿಸಿದೆ. ಲಾಸ್ಯ ಮೂರು ಹೃದಯ ಕಳಿಸಿದಳು.

ಜನವರಿ 23, ಶುಕ್ರವಾರ

ಗೊತ್ತಿಲ್ಲದ ನಂಬರಿನಿಂದ ಫೋನ್. ಅವನೇ.

“ಮೇಡಂ, ಬೇರೆ ಜಾಗ ನೋಡೋಕಾಗಲ್ವಾ?”

“ಯಾಕೆ ಸರ್? ಈ ಜಾಗಗಳಲ್ಲಿ ಏನಾಗಿತ್ತು?”

ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ, ನನಗೆ ಗೊತ್ತು. ಆದರೂ ಮೇಡಂ! ಬೈಯಲಿ, ಬೇಡಿಕೊಳ್ಳಲಿ, ನನ್ನ ಹೆಸರು ಹಿಡಿದು ಕರೆಯಲಿ ಅಂತ ಕಾದೆ. “ಸರಿ ಮೇಡಂ, ನಿಮ್ಮಿಷ್ಟ” ಅಂದು ಇಟ್ಟುಬಿಟ್ಟ.

ಅಳು ಬರಲಿಲ್ಲ, ಮೈ ಉರಿಯಿತು. ನನಗೆ ಅವನು ಬೇಡ. ಬೇಕಿರುವುದು ಒಂದೇ ಮಾತು. ಆ ಬಾಯಿಂದ ಒಂದು ಸಲ ‘ಕಣೇ’ ಅನ್ನಿಸಬೇಕು. ಲಾಸ್ಯಳ ಎದುರಿಗೇ. ಮೂರು ವರ್ಷ ನಾನು ಇದ್ದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ.

ಜನವರಿ 25, ಭಾನುವಾರ. ಶೂಟ್ ಮುಗಿಸಿ ಬಂದು

ಬರೆದುಬಿಡುತ್ತೇನೆ, ಮರೆಯಬಾರದು.

ಮಾರ್ಕೆಟ್ಟಿನಲ್ಲಿ ಅವನ ಕೈಗೆ ಒಂದು ಬುಟ್ಟಿ ಸೇವಂತಿಗೆ ಕೊಡಿಸಿದೆ. “ಮುಖದ ಹತ್ರ ಹಿಡೀರಿ ಸರ್. ಇನ್ನೂ ಹತ್ರ.” ಸೀನಿದ, ಸೀನಿದ, ಕಣ್ಣು ಕೆಂಪಾಯಿತು. ಲಾಸ್ಯ ಗಾಬರಿಯಾಗಿ, “ಶೀತ ಆಗಿದ್ಯಾ ರೀ? ಹೇಳಬಾರ್ದಾ?” ಅಂತ ಕರ್ಚೀಫ್ ಕೊಟ್ಟಳು. “ಏನಿಲ್ಲ, ನೀವು ನಿಂತ್ಕೊಳ್ಳಿ ಲಾಸ್ಯ ಅವರೇ” ಅಂದ. ಲಾಸ್ಯ ಅವರೇ! ನಗು ತಡೆಯಲು ಲೆನ್ಸ್ ಒರೆಸಿದೆ.

ಮೆಟ್ಟಿಲ ಮೇಲೆ ಅವನನ್ನು ಅಂದು ಕೂತಿದ್ದ ಜಾಗದಲ್ಲೇ ಕೂರಿಸಿದೆ. ಅವಳನ್ನು ನಾನು ಕೂತಿದ್ದ ಜಾಗದಲ್ಲಿ. “ಏನಾದ್ರೂ ಪ್ರಾಮಿಸ್ ಮಾಡೋ ಹಾಗೆ ಕೈ ಹಿಡ್ಕೊಳ್ಳಿ ಸರ್.” ಹಿಡಿದ. ಮುಖ ಮಾತ್ರ ಬೇರೆ ಕಡೆ ತಿರುಗಿಸಿದ. ಅವಳು ಅದನ್ನು ನಾಚಿಕೆ ಅಂದುಕೊಂಡಳು, ಪಾಪ. ನಡುವೆ ನನಗೆ ಇಡ್ಲಿ ತರಿಸಿದಳು. “ಬೆಳಗ್ಗಿಂದ ಏನೂ ತಿಂದಿಲ್ಲ ನೀವು, ತಿನ್ನಿ ಅಕ್ಕ.” ತಿಂದೆ. ಗಂಟಲಲ್ಲಿ ಇಳಿಯಿತು, ಏನೂ ತೊಂದರೆಯಾಗಲಿಲ್ಲ.

ಕೊನೆಗೆ ಚಿಕ್ಕ ಗಡಿಯಾರ. ಅವನ ಅಂಗಿಯ ಎಡಗಡೆ ಕಾಲರ್ ಎಂದೂ ನೆಟ್ಟಗೆ ಕೂರುವುದಿಲ್ಲ. ಪ್ರತಿ ಸಲ ನಾನು ಅಲ್ಲೇ ಸರಿಮಾಡುತ್ತಿದ್ದೆ, ಅವನು ಪ್ರತಿ ಸಲ ಒಂದೇ ಮಾತು ಅನ್ನುತ್ತಿದ್ದ. ಇವತ್ತೂ ಎದ್ದಿತ್ತು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದೇ ಹತ್ತಿರ ಹೋದೆ, ಇನ್ನೊಂದು ಕೈಯಿಂದ ಕಾಲರ್ ಮಡಚಿದೆ. ನಿಧಾನವಾಗಿ.

“ಸಾಕು ಬುಡೇ, ಎಲ್ರೂ ನೋಡ್ತಾವ್ರೆ ಕಣೇ.”

ಬಾಯಿ ತಾನಾಗಿ ಅಂದುಬಿಟ್ಟಿತು. ಅಂದ ಮೇಲೆ ಅವನೇ ಬೆಚ್ಚಿದ.

ಲಾಸ್ಯ ಅವನ ಪಕ್ಕದಲ್ಲೇ ಇದ್ದಳು. ತುಟಿಯ ಮೇಲಿನ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಅವನ ಕಡೆ ತಿರುಗಿತು. ಅದೇ ಹೊತ್ತಿಗೆ, ಕಾಲರ್ ಮೇಲಿನ ಕೈ ತೆಗೆಯದೇ, ಕ್ಲಿಕ್ ಮಾಡಿದೆ.

ಜನವರಿ 28, ಬುಧವಾರ

ಲಾಸ್ಯಳ ಫೋನ್. ದನಿ ಸಣ್ಣಗಿತ್ತು.

“ಅಕ್ಕ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಶ್ಚಿತಾರ್ಥ ಆದಾಗ್ಲಿಂದ ನನ್ನ ಬನ್ನಿ, ಕೂತ್ಕೊಳ್ಳಿ ಅಂತಾನೇ ಮಾತಾಡಿಸ್ತಾರೆ. ಗೌರವ ಕೊಡ್ತಾರಲ್ಲ ಅಂತ ನಮ್ಮಮ್ಮಂಗೆ ಹೆಮ್ಮೆಯಿಂದ ಹೇಳಿದ್ದೆ. ನಿಮಗೆ ಹೆಂಗೆ ಕಣೇ ಅಂದ್ರು?”

ಒಂದು ಸುಳ್ಳು ಸಾಕಿತ್ತು. ಕಾಲೇಜಿನಲ್ಲಿ ಜೊತೆಗೆ ಓದಿದ್ವಿ ಅಂದಿದ್ದರೆ ನಂಬುತ್ತಿದ್ದಳು. ನಂಬಲು ಕಾಯುತ್ತಲೇ ಇದ್ದಳು.

ಹೇಳಿಬಿಟ್ಟೆ. ಮಾರ್ಕೆಟ್ಟು, ಬಸ್ ಸ್ಟ್ಯಾಂಡು, ಮೆಟ್ಟಿಲು, ಗಡಿಯಾರ... ಎಲ್ಲೆಲ್ಲಿ ಏನೇನು ಅಂತ ಒಂದೊಂದಾಗಿ. ಆ ಕಡೆ ಕುಕ್ಕರ್ ಕೂಗಿತು, ಯಾರೂ ಆರಿಸಲಿಲ್ಲ. ಕೊನೆಗೆ, “ಹಂಗಾದ್ರೆ ಅಲ್ಲೆಲ್ಲಾ ನನ್ನ ನಿಲ್ಲಿಸಿದ್ದು ಬೇಕೂಂತಾನೇ” ಅಂದಳು. ಪ್ರಶ್ನೆಯಲ್ಲ. “ಇಡ್ಲಿ ಬೇರೆ ತಿನ್ನಿಸ್ದೆ ನಿಮಗೆ” ಅಂದು ಇಟ್ಟಳು.

ಖುಷಿಯಾಯಿತು. ಹೌದು, ಖುಷಿಯೇ. ಸಂಜೆವರೆಗೂ ಇತ್ತು.

ಫೆಬ್ರವರಿ 9, ಸೋಮವಾರ

ಏನೂ ಸುದ್ದಿಯಿಲ್ಲ. ಮದುವೆ ಮುರಿದಿರಬೇಕು. ಅವನು ಫೋನ್ ಮಾಡಿದರೆ ಎತ್ತುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಫೋನ್ ಎಲ್ಲಿ ಹೋದರೂ ಕೈಯಲ್ಲೇ ಇದೆ.

ಫೆಬ್ರವರಿ 12, ಗುರುವಾರ

ಇಬ್ಬರೂ ಬಂದರು. ಮದುವೆ ಮುರಿದಿಲ್ಲ. ಪತ್ರಿಕೆ ಹಂಚಿ ಆಗಿದೆಯಂತೆ, ಮಠಕ್ಕೂ ಕೊಟ್ಟು ಬಂದಿದ್ದಾರಂತೆ.

ಲಾಸ್ಯ ಒಂದೊಂದೇ ಫೋಟೋ ನೋಡಿದಳು. ಗಡಿಯಾರದ ಆ ಫೋಟೋ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಇದೇ. ದೊಡ್ಡದು ಮಾಡ್ಸಿ. ಛತ್ರದ ಬಾಗಿಲಲ್ಲಿ ನಿಲ್ಲಿಸ್ಬೇಕು.”

“ಇದ್ರಲ್ಲಿ ನೀವು ಚೆನ್ನಾಗಿ ಬಂದಿಲ್ಲ” ಅಂದೆ.

“ಬಂದಿದ್ದೀನಿ. ಅವತ್ತು ಹೆಂಗಿದ್ನೋ ಹಂಗೇ ಬಂದಿದ್ದೀನಿ.” ಆಮೇಲೆ ಅವನ ಕಡೆ ತಿರುಗಿದಳು. “ಅನ್ನಿ ರೀ. ಮನೇಲಿ ಹೇಳಿದ್ನಲ್ಲ. ಇವರ ಮುಂದೆ ಅನ್ನಿ.”

ಅವನು ನೆಲ ನೋಡಿದ. “ಬಾರೇ” ಅಂದ, ಕೇಳಿಸಿಯೂ ಕೇಳಿಸದ ಹಾಗೆ.

“ಜೋರಾಗಿ.”

“ಬಾರೇ ಲಾಸ್ಯ. ಹೋಗೋಣ ಕಣೇ.”

ತಪ್ಪು ತಪ್ಪಾಗಿ ಅಂದಿದ್ದರೆ, ಒಲ್ಲದ ಬಾಯಿಂದ ಅಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸರಿಯಾಗಿ ಅಂದ. ಕೊನೆಯಲ್ಲಿ ಅದೇ ಸಣ್ಣ ಎಳೆತ, ಅದೇ ದನಿ. ನನ್ನದಾಗಿ ಉಳಿದಿದ್ದದ್ದು ಅದೊಂದೇ, ಅದನ್ನೂ ಎತ್ತಿ ಕೊಟ್ಟುಬಿಟ್ಟ.

ಲಾಸ್ಯ ಗೆದ್ದವಳ ಹಾಗೆ ಇರಲಿಲ್ಲ. ಕೆನ್ನೆಯಲ್ಲಿ ಗುಳಿ ಬೀಳಲಿಲ್ಲ. ಚಪ್ಪಲಿ ಮೆಟ್ಟುತ್ತ, “ಮದುವೆಗೂ ನೀವೇ ಬರಬೇಕು ಅಕ್ಕ. ಸಿದ್ದರಾಜು ಸರ್ ಒಪ್ಕೊಂಡಿದ್ದಾರೆ” ಅಂದಳು. ಅವಳ ಕೈ ಅವನ ಕಾಲರ್ ಕಡೆ ಹೋಯಿತು. ಬಲಗಡೆಯದ್ದು ಸರಿಮಾಡಿದಳು. ಎಡಗಡೆ ಎದ್ದೇ ಇತ್ತು.

ಫೆಬ್ರವರಿ 13, ಶುಕ್ರವಾರ. ಮಧ್ಯಾಹ್ನ

ಪ್ರಿಂಟಿಗೆ ಇವತ್ತೇ ಹೋಗಬೇಕು. ಸಿದ್ದರಾಜು ಸರ್ ಬೆನ್ನ ಹಿಂದೆ ಬಂದು ನಿಂತು, “ಫೋಟೋ ಚೆನ್ನಾಗದೆ. ಆದ್ರೆ ಕಾಲರ್ ಹತ್ರ ಯಾರದೋ ಬೆರಳು ಬಂದದಲ್ಲ, ಅಳಿಸ್ಬುಡು ಕಣಮ್ಮ” ಅಂದರು.

ಯಾರದೋ.

ದೊಡ್ಡದು ಮಾಡಿಕೊಂಡು ಕೂತಿದ್ದೇನೆ. ಕಿರುಬೆರಳು ಹೋಯಿತು. ಉಂಗುರದ ಬೆರಳು ಹೋಯಿತು, ಹೇಗೂ ಬರಿದಾಗಿಯೇ ಇತ್ತು. ನಡುಬೆರಳೂ ಹೆಬ್ಬೆರಳೂ ಹೋದವು. ತೋರುಬೆರಳಿನ ತುದಿ ಮಾತ್ರ, ಉಗುರಿನ ಕೆಂಪು, ಅವನ ಬಿಳಿ ಅಂಗಿಯ ಮೇಲೆ... ಎಷ್ಟು ಸಲ ಅಳಿಸಿದರೂ ಅಲ್ಲೇ ಒಂದು ಚೂರು—