ಕೇಬಲ್ಲಿನ ಈ ತುದಿಯಿಂದ

ಲ್ಯಾಬಿನ ಮೂಲೆಮೇಜು,
ಬುಧವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಕೆಮ್ಮು ಬಿಟ್ಟಿತೇ? ಅಲ್ಲಿನ ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡಿ. ನನ್ನ ಬೆನ್ನುನೋವು ಪರವಾಗಿಲ್ಲ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪತ್ರವೆಂದ ಮೇಲೆ ಒಂದು ಪದ್ಧತಿ ಇರುತ್ತದಲ್ಲ. ಫೋನಿನಲ್ಲಿ ನನ್ನ ಮಾತು ಮುಗಿಯುವುದಕ್ಕೆ ನೀವು ಬಿಡುವುದಿಲ್ಲವಾದ್ದರಿಂದ ಇದನ್ನು ಮೇಲ್‌ನಲ್ಲಿ ಕಳಿಸುತ್ತಿದ್ದೇನೆ. ಅತ್ತೆ ಚೆನ್ನಾಗಿದ್ದಾರೆ. ನೀವು ದಿನಾ ಮೊದಲು "ಮೆಷಿನ್ ಹೇಗಿದೆ?" ಎನ್ನುವುದನ್ನು ಕೇಳಿ ಕೇಳಿ ಸಾಕಾಗಿ, "ಇವನು ಆ ಡಬ್ಬಾನೇ ಮದುವೆ ಆಗ್ಬೇಕಿತ್ತು ಕಣೇ" ಎಂದರು. ಹೆತ್ತ ತಾಯಿ, ಅವರಿಗೆ ಗೊತ್ತಿರದೇ ಇರುತ್ತದೆಯೇ.

ನಿಮ್ಮ ಸಾಧನೆ ಲ್ಯಾಬಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ. ನೀವು ಅಲ್ಲಿ ಕೂತು ನಾಲ್ಕಕ್ಷರದ ಅಪ್ಪಣೆ ಒತ್ತುತ್ತೀರಿ. ಅದು ಇಲ್ಲಿನ ಕಂಪ್ಯೂಟರಿಗೆ ಬಂದು, ಕೇಬಲ್ ಹಿಡಿದು, ಬೆಳಕು ಅಳೆಯುವ ಯಂತ್ರಕ್ಕೆ ಇಳಿಯುತ್ತದೆ. ಯಂತ್ರ 'ಓಕೆ' ಎಂದು ಬರೆದು, ಕನ್ನಡಿ ತಿರುಗಿಸಿ, ಒಂದು ಅಂಕಿ ಕಳಿಸುತ್ತದೆ. ಸಾಮಾನ್ಯವೇ! ಹೊರಡುವ ಮುಂಚೆ ಎಲ್ಲರೆದುರು "ಇನ್ಮೇಲೆ ಇಲ್ಲಿ ಯಾರ ಕೈಯೂ ಬೇಡ" ಎಂದಿರಿ. ಆ ಯಾರದೋ ಕೈ ನನ್ನದು. ದ್ರಾವಣ ತುಂಬಿ, ಗಾಜು ಒರೆಸಿ, ಮುಚ್ಚಳ ಮುಚ್ಚುವುದನ್ನೆಲ್ಲ ಬಹುಶಃ ಯಾವುದೋ ದೆವ್ವ ಬಂದು ಮಾಡಿಹೋಗುತ್ತಿದೆ. ಉತ್ತರ ಸ್ವಲ್ಪ ತಡವಾದರೆ ಮಾತ್ರ ನನ್ನ ನೆನಪಾಗುತ್ತದೆ, ಬೈಯುವುದಕ್ಕೆ.

ಶುಕ್ರವಾರ ದೊಡ್ಡವರ ಸಭೆಯಲ್ಲಿ ಈ ವಾರದ ಅಂಕಿಗಳನ್ನು ಓದಿದರೆ ಖಾಯಂ ಕೆಲಸ ಕೈಗೆ ಬಂದಂತೆಯೇ ಎಂದು ಹಿಗ್ಗುತ್ತಿದ್ದೀರಿ. ನಿನ್ನೆಯಂತೂ "ಈಗ ಎಷ್ಟು ಚೆನ್ನಾಗಿ ಹೇಳಿದ್ ಮಾತು ಕೇಳ್ತಿದೆ ಗೊತ್ತಾ? ನಿನ್ ಹಾಗೆ ಎದುರುತ್ತರ ಇಲ್ಲ" ಎಂದಿರಿ. ನಾನು ಹೂಂ ಎಂದೆ. ಸಿಟ್ಟು ಮಾಡಿಕೊಳ್ಳುವಷ್ಟು ಬೆಲೆಯೂ ಆ ಮಾತಿಗಿಲ್ಲ ಅನಿಸಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದ ಇದರ ಜೊತೆಗೇ ಇದೆ. ನನ್ನ ಕಡೆಯಿಂದ ಒಂದು ದೂರದ ನಮಸ್ಕಾರ.

ಇಂತಿ,
ನಿಮ್ಮ ಎದುರುತ್ತರದವಳು

ತಾ.ಕ. ಹೇಳಬೇಕಾದದ್ದೇ ಬಿಟ್ಟುಹೋಯಿತು. ಸೋಮವಾರ ಬೆಳಿಗ್ಗೆ ಯಂತ್ರದ ದೀಪ ಸುಟ್ಟುಹೋಯಿತು. ತಿಳಿಸೋಣವೆಂದು ಫೋನ್ ಮಾಡಿದರೆ "ನೀನು ಇಡು, ನಾನು ಮೆಷಿನ್ನನ್ನೇ ಕೇಳ್ತೀನಿ" ಎಂದಿರಿ. ಕೇಳಿಕೊಳ್ಳಲಿ ಎಂದು ಕೇಬಲ್ಲನ್ನು ಯಂತ್ರದಿಂದ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಂದಿನಿಂದ ನಿಮಗೆ ಉತ್ತರ ಟೈಪ್ ಮಾಡುತ್ತಿರುವವಳು ನಾನು. ಅಂಕಿಗಳೆಲ್ಲ ಮನಸ್ಸಿಗೆ ಬಂದಂತೆ ಒತ್ತಿದ್ದು. ಅವನ್ನು ಓದಿ ಮಾನ ಕಳೆದುಕೊಳ್ಳಬೇಡಿ. ನಿನ್ನೆ ಸಂಜೆ ಅಪ್ಪಣೆಗಳ ನಡುವೆ ನೀವು "ನೀನಿಲ್ದೆ ನನಗ್ಯಾರಿದಾರೆ ಚಿನ್ನ" ಎಂದು ಯಂತ್ರಕ್ಕೆ ಬರೆದಿರಿ, ನಾನು 'ಓಕೆ' ಎಂದು ಕಳಿಸಿದೆ. ಆ ಡಬ್ಬವಾಗಿದ್ದರೆ 'ಗೊತ್ತಿಲ್ಲದ ಅಪ್ಪಣೆ' ಎಂದು ತಿರುಗಿಸಿ ಕಳಿಸುತ್ತಿತ್ತು, ಓಕೆ ಎನ್ನುತ್ತಿರಲಿಲ್ಲ. ಅಷ್ಟೂ ನಿಮಗೆ ಹೊಳೆಯಲಿಲ್ಲ. ಆ ಓಕೆ ಒತ್ತಲು ನನಗೆ ತುಂಬ ಹೊತ್ತು ಹಿಡಿಯಿತು. ಅಷ್ಟರಲ್ಲಿ ನೀವು ಫೋನ್ ಮಾಡಿ, ಕೇಬಲ್ ಸಡಿಲವಾಗಿದೆಯೇನೋ ನೋಡು ಎಂದಿರಿ.