ದಪ್ಪ ಅಕ್ಷರದ ಮೇಲ್‌ಗಳು

ಫೆ. 5, ಸೋಮವಾರ
ಮತ್ತೆ ಮೊಣಕಾಲು ನೋವು. ಗೋರ್ವಾದ ಮನೆಯಿಂದ ಆಫೀಸಿಗೆ ಆಟೋದಲ್ಲೇ ಹೋದೆ. ನಾಳೆಯಿಂದ ಸೂರತ್ ಬ್ರಾಂಚಿನಲ್ಲಿ ಆಡಿಟ್, ಎರಡು ವಾರ. ಇಲ್ಲಿ ಬರೋಡದ ಇನ್ಶೂರೆನ್ಸ್ ಕ್ಲೇಮುಗಳನ್ನು ನೋಡುವವರು ಯಾರು? ನನ್ನ ಅಸಿಸ್ಟೆಂಟ್ ಸಮೀಕ್ಷಾಗೆ ನನ್ನ ಮೇಲ್ ತೆರೆದುಕೊಡಲು ಐಟಿಯ ಮಯೂರ್‌ಗೆ ಹೇಳಿದೆ. ಅವನು, ಕ್ಲೇಮ್ ಫೋಲ್ಡರ್ ಒಂದಕ್ಕೇ ಆಕ್ಸೆಸ್ ಕೊಟ್ಟರೆ ಸಾಕು ಎಂದ. ಯಾವ ಮೇಲ್ ಯಾವ ಫೋಲ್ಡರಿಗೆಂದು ಬೇರ್ಪಡಿಸುತ್ತಾ ಕೂರಲು ಯಾರಿಗೆ ತ್ರಾಣವಿದೆ... ಇಡೀ ಇನ್‌ಬಾಕ್ಸ್ ಕೊಡು ಎಂದೆ.

ಸಮೀಕ್ಷಾ ಒಳ್ಳೆಯ ಹುಡುಗಿ. ಮನೆಮಾತು ಕನ್ನಡವಾದರೂ ಇಲ್ಲೇ ಕೊಯಾಲಿಯ ರಿಫೈನರಿ ಕಾಲೊನಿಯಲ್ಲಿ ಬೆಳೆದವಳು, ಕನ್ನಡ ಅಷ್ಟಕ್ಕಷ್ಟೆ. ಆದರೂ ನನ್ನೊಡನೆ ಹಠ ಹಿಡಿದು ಕನ್ನಡವೇ.

ಸಂಜೆ ದಾವಣಗೆರೆಯಿಂದ ಇವರ ಫೋನು. ಈ ಸಲ ಊರ ಕಡೆಗೆ ಟ್ರಾನ್ಸ್‌ಫರ್ ಬೇಕೇ ಎಂದು ಕೇಳುವ ಆಪ್ಷನ್ ಮೇಲ್ ಬಂದ ಕೂಡಲೇ 'ಯೆಸ್' ಎಂದು ಬರೆದು ಕಳಿಸು ಎಂದರು. ನಾಲ್ಕು ವರ್ಷವಾಯಿತು, ಅವರೊಂದು ಕಡೆ, ನಾನೊಂದು ಕಡೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ತಾವೇ ಅನ್ನಕ್ಕಿಡುತ್ತಾರೆ, ಪಾಪ. ಬರೆಯುತ್ತೇನೆ ಎಂದೆ.

ಫೆ. 9, ಸೂರತ್
ಫೈಲುಗಳಿಗೆ ಕೊನೆಯಿಲ್ಲ. ಇಲ್ಲಿಯ ದಾಲ್ ಕೂಡ ಸಿಹಿ. ಮೊಬೈಲಿನಲ್ಲಿ ಇನ್‌ಬಾಕ್ಸ್ ನೋಡಿದೆ — ದಪ್ಪ ಅಕ್ಷರದ್ದು ಒಂದೂ ಇಲ್ಲ. ನನ್ನದೊಂದು ಪದ್ಧತಿ: ಓದಿ, ಕೆಲಸ ಉಳಿದಿದ್ದರೆ ಮತ್ತೆ ಅನ್‌ರೀಡ್ ಮಾಡಿ ದಪ್ಪ ಅಕ್ಷರಕ್ಕೆ ತರುವುದು. ದಪ್ಪಗಿದ್ದರೆ ಬಾಕಿ, ಇಲ್ಲದಿದ್ದರೆ ಮುಗಿಯಿತು. ಹಳೆಯ ಬಾಕಿಗಳೂ ಮಾಯ. ಚುರುಕು ಹುಡುಗಿ! ಹೇಗೆ ಮುಗಿಸಿದಳೆಂದು ಕೇಳುವ ಶಕ್ತಿಯಿಲ್ಲ. ಮಲಗಿದೆ.

ಫೆ. 20, ಮಂಗಳವಾರ
ಬರೋಡಕ್ಕೆ ವಾಪಸ್. ಪಕ್ಕದ ಸೆಕ್ಷನ್ನಿನ ಭರತೇಶ್ ಪೇಢೆ ಕೊಟ್ಟರು, ಬೆಳಗಾವಿಗೆ ಟ್ರಾನ್ಸ್‌ಫರ್ ಸಿಕ್ಕಿತಂತೆ. ನೀವ್ಯಾಕೆ ಆಪ್ಷನ್ ಕೊಡಲಿಲ್ಲ ಎಂದು ಕೇಳಿದರು.

ಹುಡುಕಿದೆ. ಏಳನೇ ತಾರೀಖಿಗೇ ಬಂದಿತ್ತು ಟ್ರಾನ್ಸ್‌ಫರ್ ಸರ್ಕ್ಯುಲರ್, ತೆಳ್ಳನೆಯ ಅಕ್ಷರದಲ್ಲಿ. ಹದಿನಾಲ್ಕಕ್ಕೆ ಕೊನೆ. ಉತ್ತರ ಬಾರದಿದ್ದರೆ ಇಷ್ಟವಿಲ್ಲವೆಂದು ಭಾವಿಸಲಾಗುವುದಂತೆ. ಎಚ್‌ಆರ್‌ಗೆ ಫೋನ್ ಮಾಡಿದೆ. ಇನ್ನು ಮುಂದಿನ ವರ್ಷವೇ ಎಂದರು.

ಸಮೀಕ್ಷಾಳನ್ನು ಕರೆದೆ. "ಎಲ್ಲಾ ಓಪನ್ ಮಾಡಿ ನೋಡಿದೆ ಮೇಡಮ್. ಕ್ಲೇಮ್‌ದು ಮಾತ್ರ ರಿಪ್ಲೈ ಕೊಟ್ಟೆ. ಇದು ನಿಮ್ದು ಪರ್ಸನಲ್ ಅಲ್ವಾ, ನೀವೇ ನೋಡ್ತೀರಾ ಅಂತ ಬಿಟ್ಟೆ."

ಸರಿಯಾದದ್ದನ್ನೇ ಮಾಡಿದ್ದಾಳೆ. ಬೈಯಲು ಬಾಯಿ ಬರಲಿಲ್ಲ. ದಪ್ಪ ಅಕ್ಷರದ ಲೆಕ್ಕ ಅವಳಿಗೆ ಯಾರು ಹೇಳಿದ್ದರು? ನನ್ನ ಮೇಲೆಯೇ ಸಿಟ್ಟು.

ಫೆ. 21
ಇವರಿಗೆ ಹೇಳಿದೆ. ಅವರು, "ಪ್ರತಿ ವರ್ಷ ಫೆಬ್ರವರಿಲೇ ಬರುತ್ತೆ ಅಂತ ನೀನೇ ಹೇಳ್ತಿದ್ದೆ. ಒಂದ್ಸಲ ಹುಡುಕಿ ನೋಡೋಕೂ ಆಗ್ಲಿಲ್ವಾ, ಇಂದಿರಾ?"

ಸುಸ್ತಾಗಿತ್ತು ಎಂದೆ.

"ಬರೋಕೆ ಮನಸ್ಸಿಲ್ಲ ಅಂದ್ರೆ ಹೇಳಿಬಿಡು. ನಾನು ಕಾಯೋದು ಬಿಡ್ತೀನಿ."

ಹಾಗಲ್ಲ ಎನ್ನುವಷ್ಟರಲ್ಲಿ ಫೋನ್ ಇಟ್ಟರು.

ಫೆ. 25, ಭಾನುವಾರ
ಇವರು ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಆಕ್ಸೆಸ್ ತೆಗೆಸಿಬಿಡಿ ಮೇಡಮ್ ಎಂದು ಶುಕ್ರವಾರ ಸಮೀಕ್ಷಾ ಅಳುಮುಖ ಮಾಡಿಕೊಂಡು ಬಂದಿದ್ದಳು. ಇರಲಿ ಬಿಡು ಎಂದೆ.

ಈಗ ಫೋನ್ ಮಾಡಬೇಕು. ಮನಸ್ಸಿದೆ, ಖಂಡಿತ ಇದೆ ಎನ್ನಬೇಕು. ಇಲ್ಲವೆಂದಲ್ಲ. ಆದರೆ ಅಂದು ಹದಿನಾಲ್ಕನೇ ತಾರೀಖು ದಾಟಿದೆ ಎಂದು ಕಂಡಾಗ ಮೊದಲು ಬಂದದ್ದು ಅಳುವಲ್ಲ. ಮನೆ ಖಾಲಿ ಮಾಡುವುದು, ಸಾಮಾನು ಕಟ್ಟುವುದು, ಮತ್ತೆ ಇನ್ನೊಂದು ಸಂಸಾರ ಹೂಡುವುದು... ಸದ್ಯ, ತಪ್ಪಿತಲ್ಲ ಎಂದು ಒಂದು ಕ್ಷಣ, ಒಂದೇ ಕ್ಷಣ ಹಾಯೆನಿಸಿತ್ತು.